ಗಂಟೆಯ ಕೋಲು ಕಳೆದ ದಿನ

ನಾನು ನಿಂತಿದ್ದು ಗಲಗಲಿಯ ನಮ್ಮ ಶಾಲೆಯಲ್ಲಿ, ಮೂರನೇ ತರಗತಿಯ ಹೊಸ್ತಿಲ ಒಳಗೆ, ಚೌಕಟ್ಟಿಗೆ ಬಲ ಭುಜ ತಾಗಿಸಿ. ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಬುಧವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು. ಅಲ್ಲಿಂದ ನೀರಿನ ಟಾಕಿ ಪೂರ್ತಿ ಕಾಣುತ್ತದೆ, ಅಡುಗೆ ಕೋಣೆಯ ಬಾಗಿಲು ಅರ್ಧ ಮಾತ್ರ.

ಮಕ್ಕಳಿಗೆ ಓದಿನ ರುಚಿ ಹತ್ತಲೆಂದು ಪತ್ತೇದಾರಿ ಆಟ ಹೂಡಿದ್ದೆ. ಗಂಟೆ ಬಾರಿಸುವ ಕೋಲು ಕಳುವಾಗಿದೆ. ಅಲ್ಲಲ್ಲಿ ಚೀಟಿ ಇಟ್ಟಿದ್ದೇನೆ. ಒಂದು ಚೀಟಿ ಓದಿದರೆ ಮುಂದಿನದು ಎಲ್ಲಿದೆ ಎಂದು ತಿಳಿಯುತ್ತದೆ. ಒಂದೊಂದನ್ನು ಒಂದೊಂದು ಮಗು ಓದಬೇಕು. ಕೊನೆಯದು ಟಾಕಿಯ ಮೇಲಿತ್ತು. ಅದನ್ನು ಓದುವ ಸರದಿ ಕುರಿ ಸಾಕುವ ಮನೆಯ ಒಬ್ಬ ಹುಡುಗಿಯದು.

ಅವಳು ಒಂದು ಸಾಲು ಓದಿದ್ದನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಅಂದು ಬೆಳಿಗ್ಗೆ ಅವಳ ತಾಯಿ ಬಂದಿದ್ದರು. "ಓದಾಕ ಬರಂಗಿಲ್ಲಂದ್ರ ಆಕಿನ್ನ ಮುಧೋಳದಾಗ ನಮ್ಮಕ್ಕನ ಮನ್ಯಾಗ ಇಟ್ಟು ಅಲ್ಲೇ ಸಾಲಿಗಿ ಹಾಕ್ತೀನ್ರಿ. ಇವತ್ತ ಹೇಳಿಬಿಡ್ರಿ," ಎಂದು ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತೇಬಿಟ್ಟರು. ಹುಡುಗಿಗೆ ಊರು ಬಿಡುವುದು ಬೇಡವಾಗಿತ್ತು.

"ಆಕೀಗಿ ಕೊಟ್ರ ಊಟ ಆರಿ ಹೊಕ್ಕೈತಿ ಲೇ," ಎಂದ ಒಬ್ಬ ಹುಡುಗ.

"ಓದು," ಎಂದೆ. ಹಾಗೆನ್ನುವಾಗ ಜೇಬಿನಲ್ಲಿದ್ದ ಕೈಗೆ ಮಡಿಸಿದ ಕಾಗದ ತಾಗಿತು. ತೆಗೆದು ನೋಡಿದರೆ ಕೊನೆಯ ಚೀಟಿ ನನ್ನ ಬಳಿಯೇ ಇದೆ. ಟಾಕಿಯ ಮೇಲೆ ನಾನು ತಪ್ಪಿ ಇಟ್ಟದ್ದು ಹಾಗೆಯೇ ಮಡಿಸಿದ್ದ ಇನ್ನೊಂದು ಹಾಳೆ, ಖಾಲಿ. ತಡೆಯಬೇಕು ಎನ್ನುವಷ್ಟರಲ್ಲಿ ಅವಳು ಅದನ್ನು ಬಿಚ್ಚಿ, ಬೆರಳಿಟ್ಟು, ಎಡದಿಂದ ಬಲಕ್ಕೆ ಸರಿಸುತ್ತ ಓದಿದಳು: "ಕೋಲು... ಅಕ್ಕಿ ಡಬ್ಬಿ... ಹಿಂದ ಐತಿ."

ಮಕ್ಕಳು ಓಡಿದರು, ಅವಳೂ ಓಡಿದಳು. ಅಕ್ಕಿ ಡಬ್ಬಿಯ ಹಿಂದೆಯೇ ಕೋಲು ಗೋಡೆಗೆ ಒರಗಿ ನಿಂತಿತ್ತು. ಬೆಳಿಗ್ಗೆ ನಾನೇ ಇಟ್ಟದ್ದು. ಅಡುಗೆಯವಳಿಗೂ ಹೇಳಿರಲಿಲ್ಲ.

ಉಳಿದವರು ಕೋಲು ಹಿಡಿದು ಗಂಟೆಯತ್ತ ಓಡಿದಾಗ ಹುಡುಗಿಯನ್ನು ಕಟ್ಟೆಯ ಹತ್ತಿರ ಕರೆದೆ.

"ಹಾಳ್ಯಾಗ ಏನ್ ಬರದಿತ್ತವಾ?"

"ಏನೂ ಇರ್ಲಿಲ್ರಿ ಸರ್."

"ಮತ್ತ ಓದಿದೆಲ್ಲ?"

"ನೀವ ಓದು ಅಂದ್ರೆಲ್ರಿ."

"ಕೋಲು ಅಲ್ಲೈತಿ ಅಂತ ಹೆಂಗ ಗೊತ್ತಾತು?"

ಅವಳು ನನ್ನ ಅಂಗಿಯ ತೋಳು ತೋರಿಸಿದಳು. ಮಡಿಕೆಯಲ್ಲಿ ಅರಿಸಿನ ಪುಡಿಯ ಹಳದಿ ಕಲೆಯಿತ್ತು. "ಮುಂಜಾನಿಂದ ಭಂಡಾರ ಹತ್ತೇತಿ ನೋಡ್ರಿ. ನೀವೇನ ನಮ್ಮ ಬೀರಪ್ಪನ ಗುಡಿಗಿ ಬರಂಗಿಲ್ಲ. ಅಡಗಿ ಅತ್ತಿ ದಿನಾ ಗ್ಯಾಸ ಹಚ್ಚೂಮುಂದ ಅಕ್ಕಿ ಡಬ್ಬಿಗಿ ಭಂಡಾರ ಹಚ್ಚತಾಳ."

ಸೌಟು ಹಿಡಿದೇ ಹೊರಗೆ ಬಂದಿದ್ದ ಅಡುಗೆಯ ಅತ್ತೆ ಹಣೆ ಮುಟ್ಟಿಕೊಂಡಳು. ತಾಯಿ ಎದ್ದು ನಿಂತರು. "ಖರೇನ ಓದಿದ್ಲೇನ್ರಿ?"

ಖಾಲಿ ಹಾಳೆಯನ್ನು ಅವರ ಕೈಗೆ ಕೊಟ್ಟು ನಡೆದದ್ದನ್ನು ನಡೆದಂತೆಯೇ ಹೇಳಿದೆ. ಅವರು ಹಾಳೆಯ ಎರಡೂ ಬದಿ ನೋಡಿದರು. "ಅಂದ್ರ, ಓದಾಕ ಬರ್ತೈತೋ ಇಲ್ಲೋ ಆಕಿಗಿ?"

ಜೇಬಿನಲ್ಲಿದ್ದ ನಿಜವಾದ ಚೀಟಿಯನ್ನು ಹುಡುಗಿಗೆ ಕೊಟ್ಟೆ. ಅವಳು ಬೆರಳಿಟ್ಟಳು. ಕೋಲು ಅಕ್ಕಿ ಡಬ್ಬಿಯ ಹಿಂದಿದೆ ಎಂಬಲ್ಲಿಯವರೆಗೆ ಅವಳಿಗೆ ಗೊತ್ತಿದ್ದದ್ದೇ. ಬೆರಳು ಮುಂದಕ್ಕೆ ಸರಿಯಿತು. "ಗೋ... ಗೋಡೆಗೆ... ಒರಗಿದೆ."

ಆ ಮಾತು ಚೀಟಿಯಲ್ಲಿತ್ತು. ಆದರೆ ಕೋಲು ಒರಗಿದ್ದನ್ನು ಅವಳು ಆಗಷ್ಟೇ ಕಣ್ಣಾರೆ ಕಂಡು ಬಂದಿದ್ದಳು. ಓದಿದ್ದು ಅಕ್ಷರವನ್ನೋ, ಕಂಡದ್ದನ್ನೋ, ನನಗೆ ಈಗಲೂ ಬಗೆಹರಿದಿಲ್ಲ.

ತಾಯಿ ಖಾಲಿ ಹಾಳೆಯನ್ನು ಮಡಿಸಿ ನನಗೆ ಮರಳಿಸಿದರು. "ಇರ್ಲಿ ಬಿಡ್ರಿ. ಮುಧೋಳ ಎಲ್ಲಿ ಓಡಿ ಹೊಕ್ಕೈತಿ. ದೀಪಾವಳಿ ತನಾ ಇಲ್ಲೇ ಇರ್ಲಿ."

ದೀಪಾವಳಿ ಎರಡು ಸಲ ಬಂದು ಹೋಗಿದೆ. ಹುಡುಗಿ ಇಲ್ಲೇ ಐದನೇ ತರಗತಿಯಲ್ಲಿದ್ದಾಳೆ. ಗಟ್ಟಿಯಾಗಿ ಓದುತ್ತಾಳೆ. ನಡುನಡುವೆ ಪುಸ್ತಕದಿಂದ ಕಣ್ಣೆತ್ತಿ ನನ್ನ ತೋಳು ನೋಡುತ್ತಾಳೆ.

ಅವಳು ಎರಡನೇ ಸಲ ಬೆರಳಿಟ್ಟದ್ದನ್ನು ಕಂಡವರು ನನ್ನ ಹೊರತು ಇಬ್ಬರು, ಇಬ್ಬರೂ ಇನ್ನೂ ಊರಲ್ಲೇ ಇದ್ದಾರೆ: ಮಗಳು ಓದಿದಳು ಎನ್ನುವ ತಾಯಿ, ಬೀರಪ್ಪ ಓದಿಸಿದ ಎನ್ನುವ ಅಡುಗೆಯ ಅತ್ತೆ.