ಎಲ್ಲ ಅರ್ಥವಾಗಿದ್ದ ಭಾವ

ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಅವಳು ಹದಿನಾಲ್ಕು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಕಿಟಕಿಯಡಿ ಮೇಜು, ಮೇಣ ಕರಗಿಸುವ ದೀಪ, ಉಜ್ಜುವ ಮೋಟಾರು, ಗೋಡೆಯುದ್ದಕ್ಕೂ ಊರವರ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಕಸ ಗುಡಿಸುವಾಕೆ ಅವಳಿಗೆ ಹಲ್ಲಕ್ಕ ಎಂದು ಹೆಸರಿಟ್ಟಿದ್ದಳು. ಡಾಕ್ಟರಮ್ಮನೂ ಹಾಗೇ ಕರೆಯುತ್ತಿದ್ದರು. ಮನೆಯವರು ಮಾತ್ರ ಇನ್ನೂ ‘ಅವನು’ ಎನ್ನುತ್ತಿದ್ದರು.

ಅವರ ಲೆಕ್ಕದಲ್ಲಿ ಅವಳು ಗಂಡುಮಗ. ಹನ್ನೆರಡಕ್ಕೆ ದನಿ ಒಡೆದಾಗ ಹತ್ತಿರ ಹತ್ತಿರ ಒಂದು ವರ್ಷ ಮಾತೇ ಬಿಟ್ಟಳು; ಸೊಕ್ಕು ಅಂದರು. ದೀಪ ಆರಿಸಿ ಸ್ನಾನ ಮಾಡುತ್ತಿದ್ದಳು, ಜಿಪುಣ ಅಂದರು. ಗಡ್ಡ ಬಂದ ಮೇಲೆ ಕನ್ನಡಿ ನೋಡಲಾರದೆ ಹಾಗೇ ಬೋಳಿಸಿಕೊಂಡು ಕೆನ್ನೆ ಕೊಯ್ದುಕೊಳ್ಳುತ್ತಿದ್ದಳು, ಕೈಲಾಗದವನು ಅಂದರು. ಇಷ್ಟೆಲ್ಲ ಬಿರುದು ಹುಡುಕಿ ಕೊಟ್ಟ ಬುದ್ಧಿವಂತರಿಗೆ ‘ಏನಾಗ್ತಿದೆ ನಿನಗೆ’ ಎಂದು ಕೇಳಲು ಮಾತ್ರ ಪುರುಸೊತ್ತಿರಲಿಲ್ಲ.

ಮೂವತ್ತು ದಾಟಿದ ಮೇಲೆ ಮನೋವೈದ್ಯೆಯೊಬ್ಬರು ಬಿಡಿಸಿ ಹೇಳಿದರು: “ನೀವು ಹೆಣ್ಣು ಅನ್ನೋದು ರೋಗ ಅಲ್ಲಮ್ಮ. ಜನ ನೋಡೋ ಮೈಗೂ ಒಳಗಿರೋ ನಿಮಗೂ ತಾಳೆಯಾಗದೆ ಸಂಕಟ ಆಗ್ತಿದೆಯಲ್ಲ, ಆರೈಕೆ ಬೇಕಿರೋದು ಅದಕ್ಕೆ.” ಅಷ್ಟು ವರ್ಷದಲ್ಲಿ ಯಾರೂ ಆಡದ ಆ ‘ಅಮ್ಮ’ ಕಿವಿಯಲ್ಲೇ ಉಳಿದು, ಹಲ್ಲಕ್ಕ ಅವತ್ತು ತಾನು ಇಳಿಯುವ ನಿಲ್ದಾಣ ಮರೆತು ಬಸ್ಸಿನಲ್ಲಿ ಎಲ್ಲೋ ಹೋಗಿಬಿಟ್ಟಳು. ಆಮೇಲೆ ಹಾರ್ಮೋನಿನ ಮಾತ್ರೆ ಶುರುವಾಯಿತು, ಉದ್ದ ಲಂಗ ಬಂತು, ಬೇರೆ ಬಾಡಿಗೆ ಕೋಣೆಯೂ ಆಯಿತು.

ಒಂದು ಗುರುವಾರ ಭಾವ ಬಂದ. ಅಕ್ಕನ ಗಂಡ, ವಿಮಾ ಕಚೇರಿಯ ಮೇಲ್ವಿಚಾರಕ. ಮೊಬೈಲಿನಲ್ಲಿ ಅರ್ಧ ಪುಟ ಓದಿ ಪೂರ್ತಿ ಪಂಡಿತನಾಗುವ ಜಾತಿ. ಕರವಸ್ತ್ರ ಬಿಚ್ಚಿ ಎರಡು ಹೋಳಾದ ಮೇಲಿನ ಹಲ್ಲುಸೆಟ್ಟನ್ನು ಮೇಜಿನ ಮೇಲಿಟ್ಟ. ಅಪ್ಪನದು.

“ಭಾನುವಾರ ಮಾವನವರಿಗೆ ಎಪ್ಪತ್ತೈದು ತುಂಬುತ್ತೆ. ಐವತ್ತು ಜನರ ಊಟ. ಅಷ್ಟರೊಳಗೆ ಅಂಟಿಸಿಕೊಡು. ನೀನೂ ಬಾರಪ್ಪ. ನಾನು ಓದಿದ್ದೀನಿ, ನಿನ್ನ ವಿಷಯ ನನಗೆಲ್ಲ ಅರ್ಥವಾಗಿದೆ. ಒಂದು ದಿನದ ಮಟ್ಟಿಗೆ ಪ್ಯಾಂಟು ಶರ್ಟು ಹಾಕ್ಕೊಂಡು ಬಂದ್ರೆ ಯಾರಿಗೂ ಮುಜುಗರ ಇಲ್ಲ.”

ಹಲ್ಲಕ್ಕ ಹೋಳುಗಳನ್ನು ಬೆಳಕಿಗೆ ಹಿಡಿದಳು. ಆತನ ಮುಖ ನೋಡುವುದಕ್ಕಿಂತ ಅದೇ ವಾಸಿ.

“ವಸಡು ಇಳಿದಿದೆ. ಸೆಟ್ಟು ಸಡಿಲ ಆಗಿ ಮಧ್ಯಕ್ಕೆ ಸೀಳಿದೆ. ಅಂಟಿಸಿದರೆ ಮೊದಲನೇ ತುತ್ತಿಗೇ ಮುರಿಯುತ್ತೆ. ಅಪ್ಪನ್ನ ಕಳಿಸಿ. ಬಾಯಿ ಇಲ್ಲದೆ ಅಳತೆ ತೆಗೆಯೋಕಾಗಲ್ಲ.”

“ಅವರು ಇಲ್ಲಿಗೆ ಬರೋದು ಅಂದ್ರೆ...”

“ಹಾಗಾದ್ರೆ ಗಂಜಿ ಕುಡಿಸಿ.”

ಮಾರನೇ ದಿನ ಅಪ್ಪ ಒಬ್ಬನೇ ಆಟೋದಲ್ಲಿ ಬಂದ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಅಳತೆ ತೆಗೆದರು. ಅವನು ಬಾಯಿ ಒರೆಸಿಕೊಳ್ಳುತ್ತ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ. ಆರು ವರ್ಷದ ಮೇಲೆ ಮಗಳನ್ನು ನೋಡುತ್ತಿದ್ದ. ಅವಳು ಪ್ಲಾಸ್ಟರ್ ಕಲಸುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಭಾವ ಏನೇನೋ ವಿವರಿಸಿದ,” ಅಂದ. ಬೊಚ್ಚು ಬಾಯಿಯಲ್ಲಿ ಮಾತು ಜಾರುತ್ತಿತ್ತು. “ನನಗೆ ಒಂದೂ ಅರ್ಥವಾಗಲಿಲ್ಲ.”

“ಅವರಿಗೂ ಆಗಿಲ್ಲ.”

“ನಿನ್ನನ್ನ ಏನಂತ ಕರೀಬೇಕು?”

ಅವಳ ಕೈ ನಿಂತಿತು. ನಲವತ್ತು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಪ್ರಶ್ನೆ ಅದು. “ಇಲ್ಲಿ ಹಲ್ಲಕ್ಕ ಅಂತಾರೆ.”

“ಮಗಳನ್ನ ಅಕ್ಕ ಅನ್ನೋಕಾಗುತ್ತಾ?” ಎಂದು ಅಪ್ಪ ಗೊಣಗಿದ. ತಾನು ಆಡಿದ್ದೇನೆಂದು ಅವನಿಗೆ ತಿಳಿಯಿತೋ ಇಲ್ಲವೋ. ಅವಳಿಗೆ ತಿಳಿಯಿತು. ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಗಿ, ಮತ್ತೆ ಕಲಸಬೇಕಾಯಿತು.

ಭಾನುವಾರ ಅವಳು ಲಂಗದಲ್ಲೇ ಹೋದಳು. ಭಾವ ಬಾಗಿಲಲ್ಲೇ ಹಿಡಿದು, ಅವಳ ಗುರುತು ಹತ್ತದ ನೆಂಟರಿಗೆಲ್ಲ “ಇವರು ಡಾಕ್ಟರ ಕಡೆಯವರು, ಹಲ್ಲು ಮಾಡೋರು” ಎಂದು ಪರಿಚಯಿಸುತ್ತ ಹೋದ. ಊಟಕ್ಕೆ ಮುಂಚೆ ಎದ್ದು ನಿಂತು, ಕಾಲ ಬದಲಾಗಿದೆ, ನಾವೂ ವಿಶಾಲವಾಗಬೇಕು ಎಂದು ಕಾಲು ಗಂಟೆ ಕೊರೆದ. ಯಾವ ವಿಷಯದಲ್ಲಿ ಎಂದು ಮಾತ್ರ ಹೇಳಲಿಲ್ಲ.

ಅಪ್ಪ ಹೊಸ ಸೆಟ್ಟಿನಲ್ಲಿ ಹುಷಾರಾಗಿ ಅಗಿಯುತ್ತಿದ್ದ. ನಡುವೆ ತಲೆಯೆತ್ತಿ, ಬಡಿಸುತ್ತಿದ್ದ ಹಿರಿಮಗಳಿಗೆ “ಇವಳ ತಟ್ಟೆ ಖಾಲಿ ಇದೆ ನೋಡು” ಅಂದ.

“ಇವನ,” ಎಂದು ಭಾವ ತಿದ್ದಿದ. ತಿದ್ದಿಯೇಬಿಟ್ಟ. ಆ ಸಾಲಿನ ಕೈಗಳೆಲ್ಲ ತಟ್ಟೆಯಲ್ಲೇ ನಿಂತವು. ಡಾಕ್ಟರ ಕಡೆಯ ಹೆಂಗಸು ಇದ್ದಕ್ಕಿದ್ದಂತೆ ‘ಇವನು’ ಆದದ್ದು ಹೇಗೆಂದು ಅವರೆಲ್ಲ ಭಾವನ ಮುಖ ನೋಡಿದರು. ವಿಶಾಲವಾಗಿದ್ದ ಮುಖ ಕೆಂಪಗಾಯಿತು. ಹಲ್ಲಕ್ಕ ಅವನ ನೆರವಿಗೆ ಹೋಗಲಿಲ್ಲ. ಎರಡನೇ ಸಲ ಬಡಿಸಿಕೊಂಡು ನಿಧಾನವಾಗಿ ಉಂಡಳು.

ಈಗ ಅಪ್ಪ ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬಂದು, ಸೆಟ್ಟು ಒತ್ತುತ್ತದೆ ಎಂದು ಸುಳ್ಳು ಹೇಳಿ, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರುತ್ತಾನೆ. ಬಾಯಿತಪ್ಪಿ ‘ಅವನು’ ಅಂದರೆ ತನ್ನ ನಾಲಿಗೆಯನ್ನೇ ಬೈದುಕೊಳ್ಳುತ್ತಾನೆ. ಮಾವನವರನ್ನು ಒಪ್ಪಿಸಿದ್ದು ತಾನೇ ಎಂದು ಭಾವ ಊರೆಲ್ಲ ಹೇಳಿಕೊಂಡು ತಿರುಗುತ್ತಾನಂತೆ. ಹಲ್ಲಕ್ಕ ಅದನ್ನು ಅಲ್ಲಗಳೆಯಲು ಹೋಗಿಲ್ಲ. ತನ್ನ ಉಸಿರು ಖರ್ಚು ಮಾಡಿಸುವಷ್ಟು ಯೋಗ್ಯತೆ ಆ ಮನುಷ್ಯನಿಗಿಲ್ಲ.