ಅವರೆಕಾಳಿನಷ್ಟು ಗುಳಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಯಾರಾದರೂ ಹುಣಸೇಮರದ ಕೆಳಗೆ ಏನೋ ಕಂಡೆ ಎಂದರೆ, ಆವತ್ತು ಏನು ಕುಡಿದಿದ್ದೆ ಎಂದು ಕೇಳಿ ಅವರ ಮುಖ ಸಪ್ಪಗೆ ಮಾಡಿದವನು. ನನ್ನ ಕಸುಬೂ ಹಾಗೆಯೇ ಇದೆ. ಮಂಡ್ಯದ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುತ್ತೇನೆ. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆಯ ಎರಕ ತೆಗೆದು ಅದರ ಮೇಲೆ ಹಲ್ಲು ಕೂರಿಸುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮುದುಕರು ಹುಡುಕಿಕೊಂಡು ಬಂದು ಬೈಯುತ್ತಾರೆ. ಹಾಗಾಗಿ ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು, ಇಷ್ಟೇ ನನ್ನ ಲೋಕ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆಯೇ ನಡೆದ ಒಂದು ಸಂಗತಿ ಇವತ್ತಿಗೂ ಯಾವ ಅಳತೆಗೂ ಸಿಕ್ಕಿಲ್ಲ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಗುವುದಾದರೆ ನಗಿ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನನಗೊಂದು ಹುಚ್ಚಿದೆ, ರೈಲಿನ ಹುಚ್ಚು. ನಾನು ಹುಟ್ಟಿದ್ದು ಮಳವಳ್ಳಿಯಲ್ಲಿ. ಮಳವಳ್ಳಿಗೆ ರೈಲಿಲ್ಲ. ಬರುತ್ತದೆ, ಬರುತ್ತದೆ ಎನ್ನುವುದನ್ನು ಕೇಳಿಕೊಂಡೇ ನನ್ನ ಕೂದಲು ಬೆಳ್ಳಗಾಯಿತು. ಚಿಕ್ಕಂದಿನಲ್ಲಿ ಮದ್ದೂರಿಗೆ ಬಸ್ಸಿನಲ್ಲಿ ಹೋದಾಗಲೆಲ್ಲ ಸ್ಟೇಷನ್ನಿನ ಬೇಲಿ ಹಿಡಿದು ನಿಲ್ಲುತ್ತಿದ್ದೆ, ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ರೈಲಿಲ್ಲದ ಊರಿನವನಾದ್ದರಿಂದಲೇ ಇರಬೇಕು, ದುಡಿಯತೊಡಗಿದ ಮೇಲೆ ಮನೆಯ ಮಾಳಿಗೆಯಲ್ಲೇ ರೈಲು ಓಡಿಸತೊಡಗಿದೆ. ಗೇಣುದ್ದದ ಎಂಜಿನ್ನು, ಡಬ್ಬಿಗಳು, ಹಳಿ ಎಲ್ಲ ಬೆಂಗಳೂರಿನಿಂದ ತಂದದ್ದು. ಆದರೆ ಹಳಿಯ ಪಕ್ಕದ ಕಟ್ಟಡಗಳನ್ನು ಮಾತ್ರ ನಾನೇ ಕೈಯಾರೆ ಮಾಡುತ್ತೇನೆ. ಅವೂ ಎಲ್ಲೋ ಇಲ್ಲದ ಊರಿನವಲ್ಲ. ನಮ್ಮ ಸೀಮೆಯ ಗೇಟು, ನಮ್ಮ ಸೀಮೆಯ ಗೂಡ್ಸ್ ಷೆಡ್ಡು, ನಮ್ಮ ಸೀಮೆಯ ಸೇತುವೆ. ರಟ್ಟು, ಬೆಂಕಿಕಡ್ಡಿ, ಸೈಕಲ್ಲಿನ ಕಡ್ಡಿ, ಜೊತೆಗೆ ಹಲ್ಲಿನ ಕೆಲಸದಲ್ಲಿ ಉಳಿದ ಪ್ಲಾಸ್ಟರ್, ಇಷ್ಟಿದ್ದರೆ ಸಾಕು. ಜಾಗಕ್ಕೆ ಹೋಗಿ ಅಳೆದುಕೊಂಡು ಬರುತ್ತೇನೆ. ನೆಲದ ಮೇಲೆ ಒಂದು ಮಾರು ಇದ್ದದ್ದು ನನ್ನ ಮೇಜಿನ ಮೇಲೆ ಒಂದು ಬೆರಳಗಲ, ಇದು ಲೆಕ್ಕ. ಮನೆಯಲ್ಲಿ ಒಂದು ಮೊಳೆ ಹೊಡೆಯಿರಿ ಎಂದರೆ ಕೈನೋವು ಎನ್ನುವ ಮನುಷ್ಯ ಬೆಂಕಿಕಡ್ಡಿಯಲ್ಲಿ ಕಿಟಕಿ ಮಾಡುತ್ತಾ ಕೂತಿರುತ್ತಾನೆ ಎಂದು ನನ್ನ ಹೆಂಡತಿ ಸವಿತ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ.

ಸವಿತಳ ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ. ಅತ್ತೆಗೆ ಎರಡೂ ಕಣ್ಣು ಹೋಗಿ ಬಹಳ ಕಾಲವಾಯಿತು. ಮಾವ ಮದ್ದೂರಿನಲ್ಲಿ ರೈಲ್ವೆ ಕೀಮನ್ ಆಗಿದ್ದವರು. ಬೆಳಗಾದರೆ ಸುತ್ತಿಗೆ ಹೆಗಲಿಗಿಟ್ಟುಕೊಂಡು ಹಳಿಯ ಗುಂಟ ನಡೆಯುವುದು, ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಬೆಣೆಗಳಲ್ಲಿ ಸಡಿಲವಾದದ್ದನ್ನು ಬಡಿದು ಕೂರಿಸುವುದು ಅವರ ಕೆಲಸ. ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನಮ್ಮ ಮನೆ ಮಂಡ್ಯದಲ್ಲಿ ಹಳಿಗೆ ಹತ್ತಿರ, ರೈಲು ಹೋದರೆ ಪಾತ್ರೆ ನಡುಗುತ್ತದೆ. ಅತ್ತೆಗೆ ಒಂದು ಅಭ್ಯಾಸವಿತ್ತು. ಉಣ್ಣುವಾಗ ರೈಲಿನ ಸದ್ದು ಕೇಳಿದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟುಬಿಡುತ್ತಿದ್ದರು. ರೈಲು ಪೂರ್ತಿ ಹೋಗುವವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ತಣ್ಣಗಾದ ಮುದ್ದೆ ಮುರಿಯುತ್ತಿದ್ದರು. ಗೂಡ್ಸ್ ಗಾಡಿಯಾದರೆ ಸಾರೂ ಆರಿಹೋಗುತ್ತಿತ್ತು. ಮಾವನ ನೆನಪಿಗೆ ಮಾಡುವ ಮರ್ಯಾದೆ ಅದು ಎಂದು ನಾವೆಲ್ಲ ಅಂದುಕೊಂಡಿದ್ದೆವು, ಯಾರೂ ಕೇಳಲಿಲ್ಲ.

ಅವರು ಸಂಸಾರ ಹೂಡಿದ್ದ ಮದ್ದೂರಿನ ಕ್ವಾರ್ಟರ್ಸನ್ನು ಮಾಡಿ ಅವರ ಕೈಗೆ ಕೊಡಬೇಕೆಂದು ನನಗೆ ಅನಿಸಿತು. ಕಣ್ಣಿಲ್ಲದವರಿಗೆ ಫೋಟೋ ತೋರಿಸಿ ಏನು ಪ್ರಯೋಜನ? ಸವರಿ ನೋಡುವ ಹಾಗೆ ಮನೆಯೇ ಇದ್ದರೆ ಚೆನ್ನ. ಆ ಸಾಲುಮನೆಗಳು ಈಗಿಲ್ಲ, ಎರಡನೇ ಹಳಿ ಬಂದಾಗ ಕೆಡವಿದರು. ಮಾವ ಬಾಗಿಲ ಮುಂದೆ ಸುತ್ತಿಗೆ ಹಿಡಿದು ನಿಂತ ಒಂದು ಹಳೆಯ ಫೋಟೋ ಸವಿತಳ ಬಳಿ ಇತ್ತು, ಅದರಿಂದ ಮುಂಭಾಗ ಸಿಕ್ಕಿತು. ಹಿತ್ತಿಲಿಗಾಗಿ ಮದ್ದೂರಿಗೆ ಹೋಗಿ ಬಂದೆ. ಕಲ್ಲುಚಪ್ಪಡಿ ಮುಚ್ಚಿದ ಬಾವಿ, ಹಿಂದಿನ ಗೋಡೆಯ ನಾಲ್ಕಾರು ತಳಪಾಯದ ಕಲ್ಲು ಪೊದೆಯೊಳಗೆ ಉಳಿದಿದ್ದವು. ಅಷ್ಟನ್ನು ಅಳೆದುಕೊಂಡೆ. ಅತ್ತೆಗೆ ಏನೂ ಹೇಳಲಿಲ್ಲ, ಮುಗಿದ ಮೇಲೆ ಒಮ್ಮೆಲೇ ಕೈಗಿಡೋಣ ಎಂದುಕೊಂಡಿದ್ದೆ.

ಮನೆ ಚೆನ್ನಾಗಿ ಎದ್ದಿತು. ತೊಂದರೆ ಶುರುವಾದದ್ದು ಹಿತ್ತಿಲಲ್ಲಿ. ಹಲಗೆಯ ಮೇಲೆ ಪ್ಲಾಸ್ಟರ್ ಹೊಯ್ದು ನೆಲ ಮಾಡಿ ಸಂಜೆ ಕೆಳಗಿಳಿದು ಬಂದೆ. ಬೆಳಿಗ್ಗೆ ನೋಡಿದರೆ ಬಾವಿಗೂ ಹಿತ್ತಿಲ ಬಾಗಿಲಿಗೂ ನಡುವೆ, ಸ್ವಲ್ಪ ಎಡಕ್ಕೆ, ಒಂದು ಗುಳಿ. ಒಂದು ಅವರೆಕಾಳು ಕೂರುವಷ್ಟು. ಗಾಳಿಗುಳ್ಳೆ ಇದ್ದಿರಬೇಕೆಂದು ತುಂಬಿದೆ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅಷ್ಟೇ ಗುಳಿ. ಮತ್ತೆ ತುಂಬಿದೆ, ಮತ್ತೆ ಕುಸಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಹಲ್ಲಿನ ಕೆಲಸದ ಪ್ಲಾಸ್ಟರ್ ಗಟ್ಟಿಯಾಗುವಾಗ ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಹಿಗ್ಗುತ್ತದೆ. ನನ್ನ ಅನ್ನವೇ ಆ ಹಿಗ್ಗುವಿಕೆಯ ಮೇಲಿದೆ. ಗಟ್ಟಿಯಾದ ಮೇಲಂತೂ ಉಳಿಯಿಂದ ಕೆತ್ತಬೇಕೇ ಹೊರತು ತಾನಾಗಿ ಕುಸಿಯುವ ಮಾತೇ ಇಲ್ಲ. ಹಳೆಯ ಚೀಲ ಬಿಟ್ಟು ಹೊಸ ಚೀಲ ಒಡೆದೆ. ಆಮೇಲೆ ಕಲ್ಲಿನಂತೆ ನಿಲ್ಲುವ ಬೆಲೆಬಾಳುವ ಪುಡಿಯನ್ನೇ ಹಾಕಿದೆ. ಹಲಗೆಯನ್ನು ಬೋರಲು ಹಾಕಿ ತೂತಿದೆಯೇ ನೋಡಿದೆ. ಇಲಿ ಇರಬಹುದೆಂದು ಬೋನಿಟ್ಟೆ. ಮಾಳಿಗೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು, ಅತ್ತೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಎಲ್ಲ ನೋಡಿಯಾದ ಮೇಲೂ ಬೆಳಗಾದರೆ ಗುಳಿ ಅಲ್ಲೇ ಇರುತ್ತಿತ್ತು. ಹೆದರಿಕೆಯೇನೂ ಆಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಕಲಿತ ಕಸುಬು ಒಂದು ಅವರೆಕಾಳಿನ ಮುಂದೆ ಸೋತಿತಲ್ಲ ಎಂದು. ಅಲ್ಲೊಂದು ಗಿಡ ನೆಟ್ಟು ಮುಚ್ಚಿಬಿಡಿ ಎಂದಳು ಸವಿತ. ಆಮೇಲೆ ಹಾಗೇ ಮಾಡಿದರಾಯಿತು ಎಂದು ಸದ್ಯಕ್ಕೆ ಗುಳಿಯನ್ನು ಇದ್ದ ಹಾಗೆಯೇ ಬಿಟ್ಟೆ.

ಒಂದು ಭಾನುವಾರ ತಿಂಡಿಯಾದ ಮೇಲೆ ಹಲಗೆಯನ್ನು ಕೆಳಗೆ ತಂದು ಅತ್ತೆಯ ಮುಂದೆ ಇಟ್ಟು, ಅವರ ಕೈಯನ್ನು ಚಾವಣಿಯ ಮೇಲಿರಿಸಿದೆ. ಮೊದಲು ಅವರಿಗೆ ಏನೆಂದು ತಿಳಿಯಲಿಲ್ಲ. ಹೆಂಚು ಸವರಿದರು, ಬಾಗಿಲು ಸವರಿದರು, ಪಕ್ಕದ ಒಗೆಯುವ ಕಲ್ಲು ಸಿಕ್ಕಿದ ಕೂಡಲೇ ಮುಖ ಅರಳಿತು. ಸುತ್ತಿಗೆ ಒರಗಿಸುತ್ತಿದ್ದ ಮೂಲೆ ಇದು, ಕೋಳಿ ಮೊಟ್ಟೆ ಇಡುತ್ತಿದ್ದುದು ಇಲ್ಲಿ ಎಂದು ಒಂದೊಂದೇ ಹೇಳುತ್ತಾ ಹೋದರು. ನಾನು ಹಿಗ್ಗಿಹೋಗಿದ್ದೆ. ಬೆರಳು ಹಿತ್ತಿಲಿಗೆ ಬಂತು, ಬಾವಿ ಸವರಿತು, ಬಾವಿಯಿಂದ ಬಾಗಿಲಿಗೆ ಬರುವಾಗ ಆ ಗುಳಿಗೆ ಇಳಿಯಿತು. ಅಲ್ಲೇ ನಿಂತುಬಿಟ್ಟಿತು. ನಗು ಮುಖದಲ್ಲೇ ಆರಿಹೋಯಿತು.

"ಇದ್ನ ನಿಂಗ್ಯಾರು ಯೋಳುದ್ರು ಅಳೀಮಯ್ಯ?" ಎಂದರು.

ಯಾರೂ ಹೇಳಲಿಲ್ಲ, ಪ್ಲಾಸ್ಟರ್ ತಾನಾಗಿ ಕುಸಿಯುತ್ತಿದೆ, ನನ್ನ ಕೆಲಸದ ದೋಷ ಎಂದೆ. ಅವರು ಬೆರಳು ತೆಗೆಯಲಿಲ್ಲ. ಹಾಗೇ ಮೆಲ್ಲಗೆ ಹೇಳಿದರು. ಸವಿತ ಹುಟ್ಟುವುದಕ್ಕೆ ಮುಂಚೆ ಅವರಿಗೊಂದು ಹೆಣ್ಣುಕೂಸು ಹುಟ್ಟಿತ್ತು. ಹೆಸರಿಡುವವರೆಗೂ ಉಳಿಯಲಿಲ್ಲ. ಅಷ್ಟು ಎಳೆಯದನ್ನು ಮನೆಯ ಹತ್ತಿರವೇ ಮಣ್ಣು ಮಾಡುವುದು, ಹಾಲುತುಪ್ಪ ಬಿಡುವ ಹಾಗಿಲ್ಲ, ಹೆತ್ತವಳು ಅತ್ತು ಕರೆಯುವ ಹಾಗಿಲ್ಲ ಎಂದು ಹಿರಿಯರು ಕಟ್ಟುಮಾಡಿದ್ದರಂತೆ. ಮಾವ ಹಿತ್ತಿಲಲ್ಲಿ ಗುಂಡಿ ತೆಗೆದು, ನಾಯಿ ಕೆದಕದಿರಲೆಂದು ಮಣ್ಣು ದಮ್ಮಸು ಮಾಡಿ, ತಲೆಯ ಕಡೆಗೆ ಹಳಿಯ ಸವೆದ ಬೆಣೆಯೊಂದನ್ನು ಹೊಡೆದರಂತೆ. ಯಾರಿಗೂ ಹೇಳಬೇಡ, ಮುಂದಿನ ಮಕ್ಕಳಿಗೆ ಆಗಿಬರುವುದಿಲ್ಲ ಎಂದರಂತೆ. ಅತ್ತೆ ಹೇಳಲಿಲ್ಲ. ಆಮೇಲೆ ವರ್ಗವಾಯಿತು, ಮಾವ ಹೋದರು, ಕಣ್ಣೂ ಹೋಯಿತು. ಕ್ವಾರ್ಟರ್ಸ್ ಕೆಡವಿದಾಗ ಯಾರೋ ಬಂದು, ನಿಮ್ಮ ಮನೆಯ ಮೇಲೆಯೇ ಈಗ ರೈಲು ಓಡುತ್ತದೆ ಎಂದು ಹೇಳಿಹೋದರು.

"ಅವತ್ನಿಂದ ರೈಲಿನ ಸದ್ದು ಕೇಳುದ್ರೆ ತುತ್ತು ಇಳಿಯಾಕಿಲ್ಲ ಕಣಪ್ಪ," ಎಂದರು ಅತ್ತೆ. "ನನ್ ಕೂಸಿನ್ ಮ್ಯಾಲೆ ಓಯ್ತಾ ಅದಲ್ಲ ಅಂತ."

ತನಗೊಬ್ಬ ಅಕ್ಕ ಇದ್ದಳೆಂಬುದು ಸವಿತಳಿಗೆ ಆಗಲೇ ತಿಳಿದದ್ದು. ಅವಳು ತಾಯಿಯ ಪಕ್ಕದಲ್ಲಿ ಕೂತು ಅವರ ಇನ್ನೊಂದು ಕೈ ಹಿಡಿದುಕೊಂಡಳು. ದಿನದಿನವೂ ನಾನು ಬೈದುಕೊಂಡು ಮುಚ್ಚುತ್ತಿದ್ದದ್ದು ಏನನ್ನು ಎಂದು ಆಗ ನನಗೆ ಹೊಳೆಯಿತು.

ಮಧ್ಯಾಹ್ನಕ್ಕೆ ಮೂವರೂ ಮದ್ದೂರಿನಲ್ಲಿದ್ದೆವು. ಮೇಜಿನ ಮೇಲೆ ಬಾವಿಕಟ್ಟೆಯಿಂದಲೂ ಗೋಡೆಯ ಮೂಲೆಯಿಂದಲೂ ಗುಳಿಯವರೆಗೆ ಬೆರಳಿಟ್ಟು ಎಣಿಸಿಕೊಂಡು ಬಂದಿದ್ದೆ. ಅದನ್ನೇ ನೆಲದ ಮೇಲೆ ಮಾರು ಹಾಕಿ ಅಳೆದೆ. ಇದುವರೆಗೆ ಊರಿನಿಂದ ಮೇಜಿಗೆ ಅಳತೆ ತಂದವನು, ಮೇಜಿನಿಂದ ಊರಿಗೆ ಅಳತೆ ಒಯ್ದದ್ದು ಅದೊಂದೇ ಸಲ. ಎರಡೂ ಅಳತೆ ಕೂಡಿದ್ದು ಒಂದು ಹೊಂಗೆಮರದ ಕೆಳಗೆ. ಹೊಸ ಹಳಿ ಮನೆಗಳ ಮುಂಭಾಗವನ್ನು ನುಂಗಿಕೊಂಡು, ಬೇಲಿಯಾಚೆ ಹೋಗಿತ್ತು. ಹಿತ್ತಿಲು ಬೇಲಿಯಿಂದ ಈಚೆಗೆ ಹಾಗೇ ಉಳಿದಿತ್ತು. ಒಣಗಿದೆಲೆ ಸರಿಸಿ ಕಡ್ಡಿಯಿಂದ ಕೆದಕಿದೆ. ಸ್ವಲ್ಪ ಕೆಳಗೆ ಕಡ್ಡಿ ಟಕ್ಕೆಂದಿತು. ಮಣ್ಣಿನಲ್ಲಿ ನೆಟ್ಟಗೆ ನಿಂತ ತುಕ್ಕು ಕಬ್ಬಿಣದ ತಲೆ.

ಹಳಿಯ ಪಕ್ಕದಲ್ಲಿ ಹಳೇ ಕಬ್ಬಿಣ ಸಿಗುವುದು ಮದ್ದೂರಿನಲ್ಲಿ ವಡೆ ಸಿಕ್ಕಷ್ಟೇ ಸಹಜ ಎಂದು ನೀವು ಹೇಳಬಹುದು. ನಾನೂ ಆ ಕ್ಷಣದಲ್ಲಿ ಅದನ್ನೇ ಹೇಳಿಕೊಂಡೆ. ಆದರೆ ಅತ್ತೆ ನೆಲದ ಮೇಲೆ ಕೂತು ಅದನ್ನು ಮುಟ್ಟಿದ ರೀತಿ ನೋಡಿದ ಮೇಲೆ ಬಾಯಿ ಬಿಟ್ಟು ಹೇಳಲಾಗಲಿಲ್ಲ. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ಒಂದು ರೈಲು ಬಂತು. ನೆಲ ಅದುರಿತು. ಅತ್ತೆ ಒಂದು ಕೈಯನ್ನು ಕಬ್ಬಿಣದ ಮೇಲಿಟ್ಟುಕೊಂಡು ಸದ್ದು ಬರುವ ಕಡೆಗೆ ತಲೆ ತಿರುಗಿಸಿ, ಕಡೆಯ ಡಬ್ಬಿ ಹೋಗುವವರೆಗೂ ಕೇಳಿದರು.

"ಅತ್ಲಾಗೋಯ್ತು," ಎಂದರು. "ಕೂಸಿನ್ ಮ್ಯಾಲಲ್ಲ."

ಸವಿತ ಬಾಟಲಿಯಲ್ಲಿ ಹಾಲು ತಂದಿದ್ದಳು. ಇಷ್ಟು ವರ್ಷಕ್ಕೆ ಆ ಮಗುವಿಗೆ ಹಾಲು ಬಿಟ್ಟದ್ದು ಅವತ್ತು. ಅತ್ತೆ ಆಗ ಅತ್ತರು, ಯಾರೂ ಬೇಡ ಎನ್ನಲಿಲ್ಲ.

ಅದೇ ದಿನ ಮಂಡ್ಯದ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ರೈಲು ಬಂತು. ನಾನೂ ಸವಿತಳೂ ಅವರ ಕೈಯನ್ನೇ ನೋಡುತ್ತಿದ್ದೆವು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದರು. ಇನ್ನೊಸಿ ಸಾರು ಬುಡವ್ವ ಎಂದು ಮಗಳ ಕಡೆ ತಟ್ಟೆ ಚಾಚಿದರು, ಡಬ್ಬಿಗಳು ಇನ್ನೂ ಹೋಗುತ್ತಲೇ ಇದ್ದವು.

ಕಸುಬಿನವರನ್ನೆಲ್ಲ ಕೇಳಿದ್ದೇನೆ. ಹಲಗೆಯ ಗಂಟು ಇರಬೇಕೆಂದರು, ನೀರು ಹೆಚ್ಚಾಗಿರಬೇಕೆಂದರು. ಇರಬಹುದು. ಮತ್ತೆ ಒಮ್ಮೆ ಪ್ಲಾಸ್ಟರ್ ಹೊಯ್ದು ನೋಡಿದರೆ ಗೊತ್ತಾಗಿಬಿಡುತ್ತದೆ, ಅದು ನನಗೂ ಗೊತ್ತು. ಹಲಗೆ ಮಾಳಿಗೆಯಲ್ಲೇ ಇದೆ, ಗುಳಿಯೂ ಇದೆ. ಕೈ ಮಾತ್ರ ಹೋಗುವುದಿಲ್ಲ. ಈಗಲೂ ನಾವು ಉಣ್ಣುವ ಹೊತ್ತಿಗೆ ರೈಲು ಹೋಗುತ್ತದೆ, ಅತ್ತೆ ಅದರ ಪಾಡಿಗೆ ಅದನ್ನು ಬಿಟ್ಟು ಉಣ್ಣುತ್ತಾರೆ. ತುತ್ತನ್ನು ಕೈಯಲ್ಲೇ ಹಿಡಿದು, ಕಡೆಯ ಡಬ್ಬಿ ಹೋಗುವವರೆಗೆ ಸುಮ್ಮನೆ ಕೂರುವವನು ಈಗ ನಾನು.