ನಾಲ್ಕಡಿಯಲ್ಲಿ ಉರಿದ ಬಲ್ಬು

ಸಿಸಿಲಿಯಾ ಬಾಯಿಯವರೇ, ನಿಮ್ಮ ಮದುವೆಯ ಫೋಟೋದಲ್ಲಿ ನಿಮ್ಮ ಮುಖ ಸುಣ್ಣ ಹೊಡೆದ ಗೋಡೆಯಂತೆ ಬಂದದ್ದು ಪೌಡರಿನಿಂದಲ್ಲ. ನನ್ನಿಂದ. ಪೌಡರಿನ ಕಥೆ ಕಟ್ಟಿದವನೂ ನಾನೇ. ಆದರೆ ಅದಕ್ಕೂ ಮೊದಲು ನನಗೊಂದು ಅವಮಾನವಾಗಿತ್ತು — ಅದನ್ನೂ ನಾನು ಮರೆತವನಲ್ಲ.

ಐವತ್ತರ ದಶಕದ ಕೊನೆ. ಉಡುಪಿಯಲ್ಲಿ ಸ್ಟುಡಿಯೋ ತೆರೆದು ನನಗೆ ಎರಡನೆಯ ವರ್ಷ. ಕಾರ್ಕಳದ ನಿಮ್ಮ ಗಂಡನ ಮನೆಯ ಚಪ್ಪರಕ್ಕೆ ನಾನು ಬಂದದ್ದು ಒಂದು ಕ್ಯಾಮರಾ, ಆರು ಫ್ಲ್ಯಾಶ್ ಬಲ್ಬು ಮತ್ತು ಅಡಿಗೊಂದು ಗಂಟು ಹಾಕಿದ ಹುರಿಯೊಡನೆ. ಒಂದು ಬಲ್ಬು ಒಂದೇ ಸಲ ಉರಿಯುತ್ತದೆ. ಅದರ ಪೆಟ್ಟಿಗೆಯ ಮೇಲಿನ ಸಂಖ್ಯೆ ನೂರ ಹತ್ತು. ಅದನ್ನು ದೂರದ ಅಡಿಗಳಿಂದ ಭಾಗಿಸಿದರೆ ಲೆನ್ಸಿನ ಕಿಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುತ್ತದೆ — ಹತ್ತು ಅಡಿಗೆ ಹನ್ನೊಂದು, ಐದು ಅಡಿಗೆ ಇಪ್ಪತ್ತೆರಡು. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು; ಹತ್ತಿರ ಹೋದಷ್ಟೂ ಕಿಂಡಿ ಕಿರಿದಾಗಬೇಕು. ಇದರಲ್ಲಿ ಅಂದಾಜಿಗೆ ಎಡೆಯಿಲ್ಲ.

ಹುರಿಯ ತುದಿಯನ್ನು ನಿಮ್ಮ ಕೈಗೆ ಕೊಟ್ಟು ನಾನು ಹಿಂದೆ ಸರಿಯುತ್ತಿದ್ದೆ. ನೀವು ಅದನ್ನು ಗಂಭೀರವಾಗಿ ಹಿಡಿದುಕೊಂಡಿರಿ — ಆ ಚಪ್ಪರದಲ್ಲಿ ನನ್ನ ಕೆಲಸವನ್ನು ಗೌರವಿಸಿದವರು ನೀವೊಬ್ಬರೇ. ನಿಮ್ಮ ಗಂಡನ ಅಣ್ಣಂದಿರಿಬ್ಬರು, ನಿಮ್ಮ ಎಡಗಡೆಯ ಕಂಬಕ್ಕೆ ಒರಗಿದ್ದವರು, ಸುಮ್ಮನಿರಲಿಲ್ಲ.

“ಎಂತ ಮಾರಾಯ್ರೇ, ಫೋಟೋ ತೆಗೀಲಿಕ್ಕೆ ಬಂದದ್ದಾ, ಜಾಗ ಅಳೀಲಿಕ್ಕೆ ಬಂದದ್ದಾ?” ಎಂದರು ದೊಡ್ಡವರು.

“ಹೀಗೇ ಹಿಂದೆ ಹೋದ್ರೆ ಇವರು ಬಜಗೋಳಿಗೆ ಮುಟ್ತಾರೆ! ಹತ್ತಿರ ಬನ್ನಿ, ಮದುಮಗಳು ಕಚ್ಚುದಿಲ್ಲ,” ಎಂದರು ಎರಡನೆಯವರು.

ಚಪ್ಪರವೆಲ್ಲ ನಕ್ಕಿತು. ದೊಡ್ಡವರು ಹುರಿಯನ್ನು ಸೆಳೆದು ಕಿಸೆಗೆ ಹಾಕಿಕೊಂಡರು. ನನ್ನ ಹೆಗಲು ಹಿಡಿದು ನಿಮ್ಮಿಂದ ನಾಲ್ಕಡಿಯಲ್ಲಿ ತಂದು ನಿಲ್ಲಿಸಿದರು. ಆ ಕೈಯ ಯಾವ ಬೆರಳಿನಲ್ಲಿ ಉಂಗುರವಿತ್ತೆಂದು ಇಂದಿಗೂ ಹೇಳಬಲ್ಲೆ.

ಇನ್ನು ನನ್ನ ತಪ್ಪು. ಹುರಿ ಹೋದರೂ ದೂರ ನನಗೆ ಗೊತ್ತಿತ್ತು. ಕಿಂಡಿ ಹನ್ನೊಂದರಲ್ಲೇ ಇತ್ತು. ಇಪ್ಪತ್ತೆರಡಕ್ಕೆ ತಿರುಗಿಸಿ, ಬಲ್ಬಿನ ಮೇಲೊಂದು ಕರವಸ್ತ್ರ ಹೊದಿಸಿದ್ದರೆ ಸಾಕಿತ್ತು — ಎರಡು ಕ್ಷಣದ ಕೆಲಸ. ಮಾಡಲಿಲ್ಲ. ಹತ್ತಿರವೇ ಬೇಕಂತೆ, ಅನುಭವಿಸಲಿ — ಎಂದು ಗುಂಡಿ ಒತ್ತಿದೆ. ಕೋಪ ಅವರ ಮೇಲೆ. ಬೆಳಕು ಬಿದ್ದದ್ದು ನಿಮ್ಮ ಮೇಲೆ.

ಚಿತ್ರ ಕಂಡು ನಿಮ್ಮ ಅತ್ತೆ ಕಾರಣ ಕೇಳಿದಾಗ, “ಮದುಮಗಳು ಪೌಡರ್ ಸ್ವಲ್ಪ ಜಾಸ್ತಿ ಹಾಕಿದ್ದಾರೆ, ಅಮ್ಮ,” ಎಂದೆ. ಅಷ್ಟೇ — ಆ ಮನೆಯಲ್ಲಿ ನೀವು ‘ಪೌಡರ್ ಬಾಯಿ’ ಆದಿರಿ. ಹೆಸರು ಕಾಪುವಿನ ನಿಮ್ಮ ತವರಿಗೂ ಮುಟ್ಟಿತು.

ಆರು ವರ್ಷಗಳ ಬಳಿಕ ಮಗುವಿನ ಫೋಟೋಕ್ಕೆಂದು ನನ್ನಲ್ಲಿಗೇ ಬಂದಿರಿ. ನಗುತ್ತಲೇ ಅಂದಿರಿ: “ಮಗುವಿಗೆ ಪೌಡರ್ ಹಾಕ್ಲಿಲ್ಲ, ನೋಡಿ. ನನಗಂತೂ ಅದು ಮೂಗಿಗೆ ಹೋದ್ರೆ ಸೀನು ನಿಲ್ಲುದಿಲ್ಲ. ಮದುವೆ ದಿನವೂ ಮುಟ್ಟಿರ್ಲಿಲ್ಲ. ಆ ಫೋಟೋದಲ್ಲಿ ಎಂತ ಆದದ್ದೋ, ಅಲ್ವಾ?”

ನಾನು ಮಗುವಿಗೂ ಕ್ಯಾಮರಾಕ್ಕೂ ನಡುವಿನ ದೂರವನ್ನು ಮೂರು ಸಲ ಅಳೆದೆ.

ಆ ಪ್ರಶ್ನೆಗೆ ಉತ್ತರ ಈಗ ಕೊಟ್ಟಿದ್ದೇನೆ. ತಪ್ಪು ಪೂರ್ತಿ ನನ್ನದು. ಅದರಲ್ಲಿ ಯಾರ ಪಾಲನ್ನೂ ಕೇಳುವುದಿಲ್ಲ. ಆದರೆ ನಿಮ್ಮ ಮೈದುನ-ಭಾವಂದಿರ ಆ ದೊಡ್ಡ ಮನೆಯಲ್ಲಿ ಈ ಹೆಸರನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಅದೇ ಇಬ್ಬರು ಅಣ್ಣಂದಿರೆಂದು ಬಲ್ಲೆ. ಮಹನೀಯರೇ, ಬಲ್ಬು ಉರಿದಾಗ ನೀವು ಮದುಮಗಳ ಮಗ್ಗುಲಲ್ಲೇ ನಿಂತಿದ್ದಿರಿ. ಆ ಮುಖವನ್ನು ಹಗಲ ಬೆಳಕಿನಲ್ಲಿ ಕಣ್ಣಾರೆ ಕಂಡಿದ್ದಿರಿ — ಅದರಲ್ಲಿ ಪೌಡರಿತ್ತೇ?